ಸಂಕೇತಿ, ಯಿಡ್ಡಿಶ್ ಮತ್ತು ‘ಬೆರಕೆ’ ಎಂಬ ಪದ: ಒಂದು ಹೋಲಿಕೆಯ ವಿಮರ್ಶೆ

ಮೈಸೂರಿನ ಭಾಷಾವಿಜ್ಞಾನ ವಲಯಗಳಲ್ಲಿ ಸಂಕೇತಿಯ ಪ್ರಸ್ತಾಪ ಬಂದಾಗ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಮೊದಲನೆಯದು, ಅದು ತಮಿಳು ಮತ್ತು ಕನ್ನಡಗಳ ಬೆರಕೆ, ಜೊತೆಗೆ ಒಂದಿಷ್ಟು ಮಲಯಾಳ ಎಂಬುದು. ಎರಡನೆಯದು, ಮೊದಲನೆಯದಕ್ಕೆ ಗೌರವ ತಂದುಕೊಡುವ ಉದ್ದೇಶದಿಂದ ಹೇಳುವಂಥದು: ಸಂಕೇತಿ ನಮ್ಮ ಯಿಡ್ಡಿಶ್. ಈ ಎರಡನೆಯ ಮಾತನ್ನು ಆಡಿದವರು ಬಹುಮಟ್ಟಿಗೆ ಅದನ್ನು ಮುಂದುವರಿಸುವುದಿಲ್ಲ. ಮ್ಯಾಕ್ಸ್ ವೈನ್‌ರೈಖ್ 1945ರಲ್ಲಿ ದಾಖಲಿಸಿದ, ಭಾಷೆ ಮತ್ತು ಉಪಭಾಷೆಗಳ ನಡುವಿನ ಅಂತರವನ್ನು ಸೈನ್ಯ ಮತ್ತು ನೌಕಾಪಡೆಗಳಿಂದ ಅಳೆಯುವ ಆ ಚತುರೋಕ್ತಿಯನ್ನು ಸ್ಮರಿಸಿ ವಿಷಯ ಬದಲಿಸುತ್ತಾರೆ. (ಆ ಉಕ್ತಿ ತನ್ನದಲ್ಲ, ತನ್ನ ಉಪನ್ಯಾಸ ಕೇಳಲು ಬಂದಿದ್ದ ಒಬ್ಬ ಶಾಲಾ ಶಿಕ್ಷಕರದು ಎಂದು ವೈನ್‌ರೈಖ್ ಸ್ವತಃ ಹೇಳಿದ್ದರು. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಈ ಸಣ್ಣ ಸತ್ಯ ಉಳಿದುಕೊಂಡಿಲ್ಲ.) ಹೋಲಿಕೆಯನ್ನು ಗಂಭೀರವಾಗಿ ಎತ್ತಿಕೊಂಡರೆ ಅದು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ, ಕುಸಿದ ಮೇಲೂ ಅದರಿಂದ ಕಲಿಯಬೇಕಾದದ್ದು ಏನಾದರೂ ಉಂಟೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಲಿಕೆ ಹುಟ್ಟಿದ್ದಕ್ಕೆ ಕಾರಣಗಳಿಲ್ಲದೆ ಇಲ್ಲ. ತಮ್ಮ ಪೂರ್ವಿಕರು ಸೆಂಗೋಟ್ಟೈ ಕಡೆಯಿಂದ ಹೊರಟು ಬಂದವರೆಂದು ಸಂಕೇತಿಗಳು ನಂಬುತ್ತಾರೆ. ನಾಚಾರಮ್ಮನ ಕಥೆ ಆ ವಲಸೆಯ ನೆನಪನ್ನು ಹೊತ್ತಿದೆ. ಹಾಸನ ಜಿಲ್ಲೆಯ ಕೌಶಿಕ, ಮೈಸೂರು ಜಿಲ್ಲೆಯ ಬೆಟ್ಟದಪುರ ಎಂಬ ಎರಡು ನೆಲೆಗಳ ಹೆಸರಿನಲ್ಲಿ ಸಮುದಾಯದ ಎರಡು ಮುಖ್ಯ ಕವಲುಗಳು ಗುರುತಿಸಿಕೊಳ್ಳುತ್ತವೆ. ಅರ್ಚನೆ, ಅಧ್ಯಯನಗಳಿಗೆ ಸಂಸ್ಕೃತ, ಬೀದಿ, ಶಾಲೆ, ಸಾಹಿತ್ಯಗಳಿಗೆ ಕನ್ನಡ, ಮನೆಯೊಳಗೆ ಸಂಕೇತಿ. ವೈನ್‌ರೈಖ್ ಅವರು ಅಷ್ಕೆನಾಜಿ ಯಹೂದಿಗಳ ಬದುಕನ್ನು ವರ್ಣಿಸಲು ಬಳಸಿದ ‘ಒಳಗಿನ ದ್ವಿಭಾಷಿಕತೆ’ ಮತ್ತು ‘ಹೊರಗಿನ ದ್ವಿಭಾಷಿಕತೆ’ ಎಂಬ ಪರಿಕಲ್ಪನೆಗಳು ಇಲ್ಲಿ ಒಪ್ಪವಾಗಿ ಹೊಂದುವಂತೆ ತೋರುತ್ತವೆ. ಅಲ್ಲಿ ಒಳಗೆ ಹೀಬ್ರೂ–ಅರಮೇಯಿಕ್ ಸೇರಿದ ಪವಿತ್ರ ಭಾಷೆ ಮತ್ತು ಯಿಡ್ಡಿಶ್, ಹೊರಗೆ ಜರ್ಮನ್ ಅಥವಾ ಪೋಲಿಷ್ ಅಥವಾ ಉಕ್ರೇನಿಯನ್. ಇಲ್ಲಿ ಒಳಗೆ ಸಂಸ್ಕೃತ ಮತ್ತು ಸಂಕೇತಿ, ಹೊರಗೆ ಕನ್ನಡ.

ಆದರೆ ಮೊದಲ ಬಿರುಕು ಇರುವುದೇ ಇಲ್ಲಿ. ಸಂಕೇತಿ ಮನೆಗಳಿಗೆ ಕನ್ನಡ ‘ಹೊರಗಿನ’ ಭಾಷೆಯಲ್ಲ. ಸಂಕೇತಿಯನ್ನು ಬರೆಯಬೇಕಾಗಿ ಬಂದಾಗ ಬರೆಯುವುದು ಕನ್ನಡ ಲಿಪಿಯಲ್ಲಿ; ಗಮಕ, ಕೀರ್ತನೆ, ಕಥೆ, ಪತ್ರವ್ಯವಹಾರ ಎಲ್ಲವೂ ಕನ್ನಡದಲ್ಲಿ. ಯಿಡ್ಡಿಶ್ ತನ್ನ ಪವಿತ್ರ ಭಾಷೆಯ ಲಿಪಿಯನ್ನು ತೊಟ್ಟಿತು, ನೆರೆಯ ಭಾಷೆಯ ಲಿಪಿಯನ್ನಲ್ಲ. ಹೀಬ್ರೂ ಮೂಲದ ಪದಗಳನ್ನು ಹೀಬ್ರೂವಿನ ಕಾಗುಣಿತದಲ್ಲೇ ಬರೆಯುವುದನ್ನು ಅದು ಎಷ್ಟು ಗಟ್ಟಿಯಾಗಿ ಪಾಲಿಸಿತೆಂದರೆ, ಸೋವಿಯತ್ ಒಕ್ಕೂಟದಲ್ಲಿ ಆ ಪದಗಳನ್ನು ಉಚ್ಚಾರಣೆಯಂತೆ ಬರೆಯಬೇಕೆಂಬ ಸುಧಾರಣೆ ಬಂದಾಗ ಅದು ಕೇವಲ ಕಾಗುಣಿತದ ಪ್ರಶ್ನೆಯಾಗಿ ಉಳಿಯದೆ ಧರ್ಮದಿಂದ ಭಾಷೆಯನ್ನು ಬಿಡಿಸುವ ರಾಜಕೀಯ ಕ್ರಮವಾಯಿತು. ಸಂಕೇತಿಯ ಮಟ್ಟಿಗೆ ಲಿಪಿ ಇಂಥ ಬೇಲಿಯಾಗಲಿಲ್ಲ. ಮನೆಯಲ್ಲಿ ಬೇರೊಂದು ಮಾತಾಡುತ್ತ ಕನ್ನಡದಲ್ಲಿ ಬರೆದವರ ಪರಂಪರೆ ನಮ್ಮಲ್ಲಿ ದೊಡ್ಡದು: ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗಿರೀಶ್ ಕಾರ್ನಾಡರದು ಕೊಂಕಣಿ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಮನೆಯ ಕೆಳಗಡೆ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷ್, ಬೀದಿಯಲ್ಲಿ ಕನ್ನಡ ಎಂದು ತಮ್ಮ ಬಾಲ್ಯವನ್ನು ವಿವರಿಸಿದ್ದಾರೆ. ಆ ಚಿತ್ರದಲ್ಲಿ ಭಾಷೆಗಳ ನಡುವೆ ಮೆಟ್ಟಿಲು, ಹೊಸ್ತಿಲುಗಳಿವೆ, ಗೋಡೆಯಿಲ್ಲ. ಯಿಡ್ಡಿಶ್‌ನ ಚರಿತ್ರೆಯಲ್ಲಿ ಗೋಡೆಯಿತ್ತು, ಅದನ್ನು ಕಟ್ಟಿದವರು ಎರಡೂ ಕಡೆಯವರು.

ಎರಡನೆಯ ಬಿರುಕನ್ನು ಸಂಕೋಚವಿಲ್ಲದೆ ಹೇಳಿಬಿಡಬೇಕು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಯಿಡ್ಡಿಶ್ ಒಂದು ಕೋಟಿಗೂ ಮೀರಿದ ಜನರ ಭಾಷೆ. ಅದರಲ್ಲಿ ದಿನಪತ್ರಿಕೆ, ರಂಗಭೂಮಿ, ಕಾರ್ಮಿಕ ಸಂಘಟನೆ, 1925ರಲ್ಲಿ ವಿಲ್ನಾದಲ್ಲಿ ಸ್ಥಾಪಿತವಾದ ಯಿವೊದಂಥ ಸಂಶೋಧನಾ ಸಂಸ್ಥೆ ಎಲ್ಲವೂ ಇದ್ದವು. ನಾಜಿಗಳು ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನ ಈ ಭಾಷೆಯನ್ನಾಡುತ್ತಿದ್ದವರು. ಅಗ್ರಹಾರಗಳಲ್ಲಿ ನೆಲೆಸಿ, ಭೂಮಿ, ವಿದ್ಯೆ, ಉದ್ಯೋಗಗಳ ಅನುಕೂಲ ಕಂಡ ಒಂದು ಚಿಕ್ಕ ಸಮುದಾಯದ ಮನೆಮಾತು ನಗರಗಳಲ್ಲಿ ಸವೆಯುತ್ತಿರುವುದನ್ನು ಆ ನಾಶದ ನೆರಳಿನಲ್ಲಿ ನಿಲ್ಲಿಸುವುದು ಅನುಚಿತ. ‘ನಮ್ಮ ಯಿಡ್ಡಿಶ್’ ಎಂಬ ಮಾತಿನಲ್ಲಿ ಆ ನೆರಳನ್ನು ಎರವಲು ಪಡೆಯುವ ಆಸೆ ಅಲ್ಲಲ್ಲಿ ಇಣುಕುತ್ತದೆ. ಅದನ್ನು ಬಿಡಬೇಕು.

ಘಟಕಗಳ ಲೆಕ್ಕ

ಇಷ್ಟಾದರೂ ಭಾಷಾವಿಜ್ಞಾನದ ನೆಲೆಯಲ್ಲಿ ಹೋಲಿಕೆಗೆ ಜೀವವಿದೆ, ಮತ್ತು ನನ್ನ ಮುಖ್ಯ ಆಕ್ಷೇಪ ಇರುವುದೂ ಅಲ್ಲಿಯೇ. ವೈನ್‌ರೈಖ್ ಅವರ ಯಿಡ್ಡಿಶ್ ಚರಿತ್ರೆ 1973ರಲ್ಲಿ ಅವರ ಮರಣಾನಂತರ ಪ್ರಕಟವಾಯಿತು. ಯಿಡ್ಡಿಶ್ ಅನ್ನು ಅವರು ‘ಬೆರಕೆ’ ಎನ್ನಲಿಲ್ಲ. ಸಮ್ಮಿಳಿತ ಭಾಷೆ ಎಂದರು. ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ಬೆರಕೆಯಲ್ಲಿ ಭಾಗಗಳು ಪಕ್ಕಪಕ್ಕ ಬಿದ್ದಿರುತ್ತವೆ. ಸಮ್ಮಿಳನದಲ್ಲಿ ಒಂದು ಘಟಕದ ವಸ್ತುವಿಗೆ ಇನ್ನೊಂದು ಘಟಕದ ವ್ಯಾಕರಣ ಹಿಡಿಯುತ್ತದೆ. ‘ರೈತ’ ಎಂಬರ್ಥದ ‘ಪೋಯೆರ್’ ಜರ್ಮನ್ ಮೂಲದ ಪದ. ಅದರ ಬಹುವಚನ ‘ಪೋಯೆರಿಮ್’, ಪ್ರತ್ಯಯ ಹೀಬ್ರೂವಿನದು. ‘ಡಾಕ್ಟರ್’ ಎಂಬುದು ‘ಡೊಕ್ಟೋಯ್ರಿಮ್’ ಆಗುತ್ತದೆ. ಅಜ್ಜನನ್ನು ಕರೆಯುವ ‘ಝೇಯ್ಡೆ’ ಸ್ಲಾವಿಕ್, ಧರ್ಮಗ್ರಂಥವನ್ನು ಹೇಳುವ ‘ಸೇಯ್ಫೆರ್’ ಹೀಬ್ರೂ, ಹರಸುವ ‘ಬೆಂಚ್’ ಧಾತು ಲ್ಯಾಟಿನ್ನಿನಿಂದ ಹಳೆಯ ರೋಮಾನ್ಸ್ ಆಡುನುಡಿಗಳ ಮೂಲಕ ಬಂದದ್ದು. ಮೂರಕ್ಕೂ ನಡೆಯುವ ವಾಕ್ಯರಚನೆ ಜರ್ಮಾನಿಕ್ ತಳಹದಿಯದು. ಹೀಬ್ರೂ ಕ್ರಿಯಾರೂಪಗಳನ್ನು ‘ಇರು’ ಎಂಬರ್ಥದ ‘ಝಾಯ್ನ್’ ಜೊತೆ ಜೋಡಿಸಿ ಕ್ರಿಯಾಪದ ಮಾಡಿಕೊಳ್ಳುವ ರೀತಿಯಂತೂ ‘ಸಹಾಯ ಮಾಡು’, ‘ಸ್ನಾನ ಮಾಡು’ ಎನ್ನುವ ನಮಗೆ ತೀರ ಪರಿಚಿತ.

ಈ ಘಟಕ ವಿಶ್ಲೇಷಣೆ ಯಿಡ್ಡಿಶ್‌ನಲ್ಲಿ ಇಷ್ಟು ಸ್ವಚ್ಛವಾಗಿ ಸಾಧ್ಯವಾದುದಕ್ಕೆ ಒಂದು ಕಾರಣವಿದೆ. ಸೆಮಿಟಿಕ್ ಮತ್ತು ಜರ್ಮಾನಿಕ್ ಬೇರೆ ಬೇರೆ ವಂಶದವು; ಸ್ಲಾವಿಕ್ ಮತ್ತು ಜರ್ಮಾನಿಕ್ ಒಂದೇ ವಂಶದ ದೂರದ ಕವಲುಗಳು. ಪದವೊಂದನ್ನು ಕೈಗೆತ್ತಿಕೊಂಡರೆ ಅದರ ತವರು ಬಹುಪಾಲು ಸ್ಪಷ್ಟ. ತಮಿಳು ಮತ್ತು ಕನ್ನಡಗಳೋ ದಕ್ಷಿಣ ದ್ರಾವಿಡದ ಹತ್ತಿರದ ಬಂಧುಗಳು. ‘ಕೈ’ ಎರಡರಲ್ಲೂ ‘ಕೈ’. ಸಂಕೇತಿಯಲ್ಲಿ ‘ಕೈ’ ಸಿಕ್ಕಿದರೆ ಅದು ಯಾವ ಘಟಕ? ಪ್ರಶ್ನೆಗೆ ಉತ್ತರವಿಲ್ಲ ಎನ್ನುವುದಕ್ಕಿಂತ ಪ್ರಶ್ನೆಯೇ ತಪ್ಪು ಎನ್ನಬೇಕು. ಇಂಥ ಪದಗಳನ್ನು ಒಂದು ಕಡೆಗೋ ಇನ್ನೊಂದು ಕಡೆಗೋ ಹಾಕಿ ಶೇಕಡಾವಾರು ಲೆಕ್ಕ ಕೊಡುವ ಪದಪಟ್ಟಿಗಳನ್ನು ಕಂಡಾಗ ಅವುಗಳ ಶ್ರಮಕ್ಕೆ ಗೌರವ ಹುಟ್ಟುತ್ತದೆ, ಫಲಿತಾಂಶದಲ್ಲಿ ನಂಬಿಕೆ ಹುಟ್ಟುವುದಿಲ್ಲ.

ತಪ್ಪು ಇನ್ನಷ್ಟು ಆಳವಾಗುವುದು ಹೋಲಿಕೆಗೆ ಬರಹದ ತಮಿಳನ್ನು ಆರಿಸಿಕೊಂಡಾಗ. ಬರಹದ ತಮಿಳಿನ ‘ಮನೈ’ ಆಡುಮಾತಿನಲ್ಲಿ ‘ಮನೆ’. ‘ಇಲೈ’ ಆಡುಮಾತಿನಲ್ಲಿ ‘ಎಲೆ’. ‘ಕಾಲ್’, ‘ಪಾಲ್’, ‘ಕಣ್’ಗಳು ‘ಕಾಲು’, ‘ಪಾಲು’, ‘ಕಣ್ಣು’. ಸಂಶೋಧಕರೊಬ್ಬರು ತಮಿಳಿನ ನಿಘಂಟನ್ನು ಒಂದು ಕೈಯಲ್ಲಿ, ಕನ್ನಡದ ನಿಘಂಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಕುಳಿತರೆ ‘ಎಲೆ’, ‘ಕಾಲು’, ‘ಕಣ್ಣು’ ಇವೆಲ್ಲ ‘ಕನ್ನಡದ ಪ್ರಭಾವ’ ಎಂಬ ಕಲಮಿಗೆ ಸೇರುತ್ತವೆ. ವಾಸ್ತವದಲ್ಲಿ ಅವು ತಿರುನೆಲ್ವೇಲಿಯ ಬೀದಿಯಲ್ಲೂ ಕೇಳುವ ರೂಪಗಳು. ಸಂಕೇತಿಯ ವೈಶಿಷ್ಟ್ಯವೆಂದು ಮೇಲಿಂದ ಮೇಲೆ ಹೇಳಲಾಗುವ ಪದಾಂತ್ಯದ ಅನುನಾಸಿಕ ಸ್ವರವೂ ಇದೇ ಬಗೆಯದು. ‘ಅವನ್’, ‘ಮರಮ್’ ಎಂಬ ಬರಹರೂಪಗಳ ಕೊನೆಯ ನಕಾರ ಮಕಾರಗಳು ತಮಿಳಿನ ಆಡುಮಾತಿನಲ್ಲೆಲ್ಲ ಕರಗಿ ಹಿಂದಿನ ಸ್ವರವನ್ನು ಅನುನಾಸಿಕವಾಗಿಸುತ್ತವೆ. ಸಂಕೇತಿ ಅದನ್ನು ಉಳಿಸಿಕೊಂಡಿದೆ ಎನ್ನಬಹುದು, ಸೃಷ್ಟಿಸಿಕೊಂಡಿದೆ ಎನ್ನಲಾಗದು. ಅದನ್ನು ಬರೆಯಲು ಕನ್ನಡದಲ್ಲಿ ರೂಢಿಯಾದ ಚಿಹ್ನೆಯಿಲ್ಲದಿರುವುದು, ಸೊನ್ನೆ ಹಾಕಿದರೆ ಓದುಗರು ಮಕಾರವಾಗಿ ಓದಿಬಿಡುವುದು ಈ ಗೊಂದಲವನ್ನು ಹೆಚ್ಚಿಸಿದೆ. ಯಿಡ್ಡಿಶ್ ಅಧ್ಯಯನವೂ ಈ ತಪ್ಪನ್ನು ಮಾಡಿ ತಿದ್ದಿಕೊಂಡಿತು. ಇಂದಿನ ಪ್ರಮಾಣ ಜರ್ಮನ್ನಿನ ಎದುರು ನಿಲ್ಲಿಸಿದಾಗ ಯಿಡ್ಡಿಶ್ ‘ಕೆಟ್ಟ ಜರ್ಮನ್’ ಆಗಿ ಕಂಡಿತು, ಅದನ್ನು ‘ಜಾರ್ಗೊನ್’ ಎಂದು ಕರೆದವರಲ್ಲಿ ಅದನ್ನಾಡುವವರೂ ಇದ್ದರು. ಮಧ್ಯಯುಗದ ಉಚ್ಚ ಜರ್ಮನ್ನಿನ ನಗರ ಉಪಭಾಷೆಗಳ ಎದುರು ನಿಲ್ಲಿಸಿದಾಗ ಮಾತ್ರ ಅದರ ಸ್ವರವ್ಯವಸ್ಥೆಯ ಕ್ರಮ ಗೋಚರಿಸಿತು.

ಹಾಗಾದರೆ ಎರವಲನ್ನು ಗುರುತಿಸುವುದು ಅಸಾಧ್ಯವೇ? ಅಲ್ಲ, ಆದರೆ ಪರೀಕ್ಷೆಗಳನ್ನು ಧ್ವನಿ ಚರಿತ್ರೆಯಿಂದ ತರಬೇಕು. ಕನ್ನಡದಲ್ಲಿ ಸುಮಾರು 10ನೆಯ ಶತಮಾನದಿಂದ ತಲೆದೋರಿ ಮುಂದಿನ ಶತಮಾನಗಳಲ್ಲಿ ಹರಡಿದ ಪಕಾರ–ಹಕಾರ ಪಲ್ಲಟ ಅತ್ಯಂತ ಉಪಯುಕ್ತವಾದುದು. ‘ಪಾಲು’ ಸಿಕ್ಕಿದರೆ ಅದು ಆನುವಂಶಿಕ, ‘ಹಾಲು’ ಸಿಕ್ಕಿದರೆ ಎರವಲು. ಇಲ್ಲಿ ತಕರಾರಿಗೆ ಎಡೆಯಿಲ್ಲ. ತಮಿಳಿನ ತಾಲವ್ಯೀಕರಣ ಎರಡನೆಯದು: ತಮಿಳಿನ ‘ಚೆವಿ’ ಕನ್ನಡದಲ್ಲಿ ‘ಕಿವಿ’, ತಮಿಳಿನ ‘ಚೇರಿ’ ಕನ್ನಡದಲ್ಲಿ ‘ಕೇರಿ’. ಅದೇ ‘ಕಿವಿ’ಯಲ್ಲಿ ಎಕಾರ ಇಕಾರವಾಗಿರುವುದು ಮೂರನೆಯ ಸುಳಿವು, ‘ಎಲಿ’ ಮತ್ತು ‘ಇಲಿ’ಗಳ ನಡುವೆಯೂ ಅದೇ ನಿಯಮ. ‘ಅಂಜು’ ಮತ್ತು ‘ಐದು’ಗಳಂಥ ಸಂಖ್ಯಾವಾಚಕಗಳು ನಾಲ್ಕನೆಯದು. ಇಂಥ ನಿಕಷಕ್ಕೆ ಒಡ್ಡಬಹುದಾದ ಪದಗಳಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಂಡು ಉಳಿದವನ್ನು ‘ಅನಿರ್ಣೀತ’ ಎಂದು ಬಿಡುವ ಧೈರ್ಯ ಬೇಕು. ಅನಿರ್ಣೀತದ ಕಲಮೇ ಅತಿ ಉದ್ದವಾಗಬಹುದು. ಆಗಲಿ.

ಕ್ರಿಯಾರೂಪಗಳಲ್ಲಿ ನೆಲ ಇನ್ನೂ ಗಟ್ಟಿ. ಕೆ. ಎಸ್. ನಾಗರಾಜ ಅವರು 1982ರಲ್ಲಿ ಡೆಕ್ಕನ್ ಕಾಲೇಜಿನ ಬುಲೆಟಿನ್‌ನಲ್ಲಿ ಪ್ರಕಟಿಸಿದ ಕಿರು ಟಿಪ್ಪಣಿ ಸಂಕೇತಿಯ ಕಾಲವ್ಯವಸ್ಥೆಯನ್ನು ತೌಲನಿಕವಾಗಿ ನೋಡಲು ಹೊರಟದ್ದು ಸರಿಯಾದ ದಿಕ್ಕಿನ ಹೆಜ್ಜೆ. ಅದರ ಶೀರ್ಷಿಕೆ ‘ಸಂಕೇತಿ ತಮಿಳು’ ಎಂದೇ ಹೇಳುವುದೂ ಗಮನಾರ್ಹ. ಕಾಲಪ್ರತ್ಯಯ, ಪುರುಷಪ್ರತ್ಯಯಗಳು ಎಲ್ಲಿಂದ ಬಂದಿವೆಯೋ ಭಾಷೆಯ ವಂಶ ಅಲ್ಲಿದೆ ಎಂಬುದು ಹಳೆಯ, ಆದರೆ ಇನ್ನೂ ಮುರಿಯದ ಸೂತ್ರ. ಥಾಮಸನ್ ಮತ್ತು ಕಾಫ್‌ಮನ್ 1988ರಲ್ಲಿ ರೂಪಿಸಿದ ಚೌಕಟ್ಟಿನಲ್ಲಿ ‘ಮಿಶ್ರಭಾಷೆ’ ಎಂಬ ಹೆಸರು ಕ್ರೀ ಭಾಷೆಯ ಕ್ರಿಯಾಪದ ಮತ್ತು ಫ್ರೆಂಚ್ ನಾಮಪದಗಳನ್ನು ಒಟ್ಟುಗೂಡಿಸಿದ ಮಿಶಿಫ್‌ನಂಥವಕ್ಕೆ, ಕ್ವೆಚುವಾ ವ್ಯಾಕರಣದ ಮೇಲೆ ಸ್ಪ್ಯಾನಿಷ್ ಪದಕೋಶ ಹೊದಿಸಿದ ಮೀಡಿಯಾ ಲೆಂಗುವಾದಂಥವಕ್ಕೆ ಸಲ್ಲುತ್ತದೆ. ಅಂದರೆ ತಲೆಮಾರಿನಿಂದ ತಲೆಮಾರಿಗೆ ಆಗುವ ಸಹಜ ಸಾಗಣೆ ಎಲ್ಲೋ ತುಂಡಾದ ಪ್ರಸಂಗಗಳಿಗೆ. ಯಿಡ್ಡಿಶ್ ಆ ಅರ್ಥದಲ್ಲಿ ಮಿಶ್ರಭಾಷೆಯಲ್ಲ, ಅದು ಜರ್ಮಾನಿಕ್. ಪಾಲ್ ವೆಕ್ಸ್ಲರ್ 1991ರಲ್ಲಿ ಅದನ್ನು ಹದಿನೈದನೆಯ ಸ್ಲಾವಿಕ್ ಭಾಷೆಯೆಂದು ಸಾಧಿಸಲು ಯತ್ನಿಸಿದಾಗ ಕ್ಷೇತ್ರ ಒಪ್ಪದಿದ್ದುದು ಈ ಕಾರಣಕ್ಕೇ. ಸಂಕೇತಿಯೂ ಮಿಶ್ರಭಾಷೆಯಲ್ಲ. ಕನ್ನಡದಿಂದ ಹೇರಳವಾಗಿ ಎರವಲು ಪಡೆದ, ತಮಿಳಿನ ಕವಲಿನ ಭಾಷೆ ಅದು. ಎರವಲು ಎಷ್ಟೇ ಹೆಚ್ಚಾದರೂ ವಂಶ ಬದಲಾಗುವುದಿಲ್ಲ. ಹಾಗೆ ಬದಲಾಗುವುದಾದರೆ ಸಂಸ್ಕೃತಭೂಯಿಷ್ಠ ಚಂಪೂ ಬರೆದ ಕಾಲದ ಕನ್ನಡವನ್ನು ಏನೆಂದು ಕರೆಯುವುದು?

‘ಮಲಯಾಳದ ಸೋಂಕು’ ಎಂಬ ಮಾತಿಗೆ ಇಷ್ಟು ಸ್ಥಳ ಬೇಡ. ಸೆಂಗೋಟ್ಟೈ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಿರುವಾಂಕೂರಿನ ಆಡಳಿತ ಪರಂಪರೆಗೆ ಸೇರಿದ್ದ ಘಟ್ಟದಂಚಿನ ಊರು. ಅಲ್ಲಿಯ ತಮಿಳು ಮಲಯಾಳದೊಂದಿಗೆ ಹಂಚಿಕೊಂಡ ಲಕ್ಷಣಗಳಲ್ಲಿ ಎಷ್ಟು ಎರವಲು, ಎಷ್ಟು ಸಮಾನ ಪ್ರಾಚೀನತೆ ಎಂಬುದನ್ನು ಅಲ್ಲಿಯ ಉಪಭಾಷೆಗಳನ್ನು ಕೇಳದೆ, ಕೇವಲ ಮೈಸೂರಿನಲ್ಲಿ ಕುಳಿತು ನಿರ್ಣಯಿಸಲಾಗದು. ಇದು ನನಗೂ ಅನ್ವಯಿಸುವ ಮಾತು.

ಪೂರ್ವವೋ, ಪಶ್ಚಿಮವೋ

ಇಲ್ಲಿ ಒಂದು ಪ್ರತಿಪಾದನೆಯನ್ನು ಮುಂದಿಡುತ್ತೇನೆ. ‘ನಮ್ಮ ಯಿಡ್ಡಿಶ್’ ಎನ್ನುವವರ ಮನಸ್ಸಿನಲ್ಲಿರುವುದು ಪೂರ್ವ ಯಿಡ್ಡಿಶ್: ಪೋಲೆಂಡ್, ಲಿಥುವೇನಿಯಾ, ಉಕ್ರೇನ್‌ಗಳದು, 1978ರಲ್ಲಿ ಐಸಾಕ್ ಬಾಶೆವಿಸ್ ಸಿಂಗರ್ ಅವರಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟದ್ದು. ಸಂಕೇತಿಗೆ ಹತ್ತಿರವಾದುದು ಅದಲ್ಲ, ಪಶ್ಚಿಮ ಯಿಡ್ಡಿಶ್. ರೈನ್ ತೀರದ ವೋರ್ಮ್ಸ್ ನಗರಕ್ಕೆ ಸಂಬಂಧಿಸಿದ 1272ರ ಪ್ರಾರ್ಥನಾಗ್ರಂಥದಲ್ಲಿ ಯಿಡ್ಡಿಶ್‌ನ ಅತಿ ಹಳೆಯ ಕಾಲನಿರ್ದಿಷ್ಟ ವಾಕ್ಯ ಸಿಗುತ್ತದೆ. ಅಂಥ ಪ್ರಾಚೀನ ನೆಲದಲ್ಲೇ, ಜರ್ಮನ್ ಭಾಷಿಕರ ನಡುವೆಯೇ, ಯಿಡ್ಡಿಶ್ 18 ಮತ್ತು 19ನೆಯ ಶತಮಾನಗಳಲ್ಲಿ ಬಹುಮಟ್ಟಿಗೆ ಅಳಿದುಹೋಯಿತು. ಪೂರ್ವದಲ್ಲಿ ಸುತ್ತಲಿನ ಭಾಷೆ ಸ್ಲಾವಿಕ್ ಆಗಿದ್ದು ಅಂತರ ದೊಡ್ಡದಿತ್ತು. ಯಿಡ್ಡಿಶ್ ಎರವಲು ಪಡೆದು ತಾನಾಗಿಯೇ ಉಳಿಯಿತು. ಪಶ್ಚಿಮದಲ್ಲಿ ಸುತ್ತಲಿನ ಭಾಷೆ ಬಂಧುಭಾಷೆ. ಅಲ್ಲಿ ಮಾತಾಡುವವನು ಒಂದು ದಿನ ಭಾಷೆ ಬದಲಾಯಿಸಲಿಲ್ಲ. ಪದಕ್ಕೆ ಪದ, ಸ್ವರಕ್ಕೆ ಸ್ವರ ಸರಿಸುತ್ತ ಬಂದು ಕೊನೆಗೆ ಜರ್ಮನ್ನಿನಲ್ಲಿ ನಿಂತಿದ್ದ. ಸಾಮಾಜಿಕ ಮನ್ನಣೆಯ ಆಸೆ, ಜ್ಞಾನೋದಯದವರ ತಿರಸ್ಕಾರ, ರಾಜ್ಯದ ಶಾಲೆ ಇವೆಲ್ಲ ಕಾರಣಗಳೇ. ಆದರೆ ಜಾರಲು ಇಳಿಜಾರು ಇದ್ದದ್ದು ಭಾಷೆಗಳ ಸಾಮೀಪ್ಯದಲ್ಲಿ.

ತಮಿಳು–ಕನ್ನಡಗಳ ಅಂತರ ಯಿಡ್ಡಿಶ್–ಜರ್ಮನ್‌ಗಳದಕ್ಕಿಂತ ಹೆಚ್ಚು, ನಿಜ. ಆದರೂ ಇಳಿಜಾರು ಇದೆ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವರದಿ ಮಾಡಿದ, ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಶತಮಾನಗಳಲ್ಲಿ ಒಂದರಂತೊಂದು ಆಗುತ್ತ ಬಂದರೂ ಪದಗಳ ರೂಪ ಬೇರೆಯಾಗಿಯೇ ಉಳಿದಿತ್ತು, ಏಕೆಂದರೆ ಪ್ರತಿ ಸಮುದಾಯಕ್ಕೂ ಮನೆಯೊಳಗೆ ತನ್ನದೇ ಭಾಷೆಯಾಡುವುದು ಗುರುತಿನ ಪ್ರಶ್ನೆಯಾಗಿತ್ತು. ಸಂಕೇತಿಯಲ್ಲಿ ಕ್ರಮ ತಿರುವುಮುರುವಾಗಿದೆ: ಪದಗಳು ಧಾರಾಳವಾಗಿ ದಾಟುತ್ತವೆ, ಕ್ರಿಯಾರೂಪ ಕೊನೆಯವರೆಗೆ ಕಾಯುತ್ತದೆ, ಮತ್ತು ಅದು ಹೋದ ದಿನ ಉಳಿಯುವುದು ಕನ್ನಡ.

ಜಯಲಕ್ಷ್ಮಿಪುರಂನ ಒಂದು ಮನೆಯಲ್ಲಿ ನಾನು ಹಲವು ಸಂಜೆ ಕುಳಿತು ಕೇಳಿದ್ದೇನೆ. ಅಜ್ಜಿ ಮಗಳೊಡನೆ ಸಂಕೇತಿ ಆಡುತ್ತಾರೆ, ಮಗಳು ಅರ್ಧ ಸಂಕೇತಿಯಲ್ಲಿ ಉತ್ತರಿಸುತ್ತಾರೆ, ಮೊಮ್ಮಗ ಎಲ್ಲವನ್ನೂ ಅರ್ಥ ಮಾಡಿಕೊಂಡು ಕನ್ನಡದಲ್ಲಿ ಮಾತ್ರ ಹೇಳುತ್ತಾನೆ. ಜನಗಣತಿಯವರಿಗೆ ಮಾತೃಭಾಷೆ ಯಾವುದೆಂದು ಬರೆಸಿದಿರಿ ಎಂದು ಕೇಳಿದಾಗ ಅಜ್ಜಿ ನಕ್ಕುಬಿಟ್ಟರು. “ಕನ್ನಡ ಅಂತಲೇ ಬರೆಸಿದ್ದು. ಇದು ಭಾಷೆ ಅಲ್ಲಪ್ಪ, ಮನೆಮಾತು.” ಅಲ್ಲಿಂದ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನಕ್ಕೆ ನಡೆದೇ ಹೋಗಬಹುದು. 1969ರಿಂದ ದೇಶದ ಭಾಷೆಗಳನ್ನು ದಾಖಲಿಸುತ್ತಿರುವ ಸಂಸ್ಥೆಯ ನೆರೆಹೊರೆಯಲ್ಲಿ ಒಂದು ಭಾಷೆ ತನ್ನನ್ನು ಭಾಷೆಯೆಂದು ಕರೆದುಕೊಳ್ಳಲು ನಾಚುತ್ತಿದೆ. ಇದಕ್ಕೆ ಸಂಸ್ಥೆಯನ್ನು ದೂರುವಂತಿಲ್ಲ; ‘ಬೆರಕೆ’ ಎಂಬ ಪದವನ್ನು ಅಜ್ಜಿಗೆ ಕಲಿಸಿದವರು ನಾವು, ಓದಿದವರು.

ಗಣತಿಯ ಪರಿಣಾಮ ಚಿಕ್ಕದಲ್ಲ. 2011ರ ಜನಗಣತಿ ಕಚ್ಚಾರೂಪದ 19,569 ಮಾತೃಭಾಷಾ ನಮೂದುಗಳನ್ನು 1,369 ಮಾತೃಭಾಷೆಗಳಿಗೂ, 10,000 ಭಾಷಿಕರ ಮಿತಿ ಹಾಕಿ ಕೊನೆಗೆ 121 ಭಾಷೆಗಳಿಗೂ ಇಳಿಸಿತು. ಪ್ರಕಟಿತ ಪಟ್ಟಿಯಲ್ಲಿ ಸಂಕೇತಿಗೆ ಪ್ರತ್ಯೇಕ ಸಾಲಿಲ್ಲ. ಭಾಷಾವಿಜ್ಞಾನಿಗಳು ಸ್ವತಂತ್ರವೆಂದು ಪರಿಗಣಿಸುವ ಬಡಗ ಕನ್ನಡದ ಕೆಳಗಿದ್ದರೂ ಅದಕ್ಕೊಂದು ಸಾಲುಂಟು, ಅದನ್ನಾಡುವವರು ಹೆಸರು ಹೇಳಿ ಬರೆಸಿದ್ದರಿಂದ.

ಇನ್ನೊಂದು ಸಂಗತಿ ಯಿಡ್ಡಿಶ್ ಚರಿತ್ರೆಯನ್ನು ಬಲ್ಲವರಿಗೆ ತಟ್ಟನೆ ಹೊಳೆಯುತ್ತದೆ. ಶಿವಮೊಗ್ಗದ ಬಳಿ ತುಂಗಾ ತೀರದ ಮತ್ತೂರು 1981ರ ನಂತರ ‘ಸಂಸ್ಕೃತ ಗ್ರಾಮ’ವೆಂದು ಪ್ರಸಿದ್ಧವಾಯಿತು. ಅಲ್ಲಿಗೆ ಬಂದ ಪತ್ರಕರ್ತರು ಸಂಸ್ಕೃತದಲ್ಲಿ ತರಕಾರಿ ಕೊಳ್ಳುವ ದೃಶ್ಯವನ್ನು ಹುಡುಕುತ್ತಾರೆ; ಅದೇ ಊರಿನ ಸಂಕೇತಿ ಮನೆಗಳ ಅಡುಗೆಮನೆಯಲ್ಲಿ ನಡೆಯುವ ಮಾತು ವರದಿಯಲ್ಲಿ ಬರುವುದೇ ಅಪರೂಪ. 1908ರ ಚೆರ್ನೊವಿಟ್ಸ್ ಸಮ್ಮೇಳನದಲ್ಲಿ ನಡೆದ ವಾಗ್ವಾದ ಇದೇ ತ್ರಿಕೋನದ ಇನ್ನೊಂದು ರೂಪ. ಯಿಡ್ಡಿಶ್ ಯಹೂದಿಗಳ ಏಕೈಕ ರಾಷ್ಟ್ರೀಯ ಭಾಷೆಯೋ, ಒಂದು ರಾಷ್ಟ್ರೀಯ ಭಾಷೆಯೋ ಎಂದು ಜಗಳವಾಡಿ ‘ಒಂದು’ ಎಂಬಲ್ಲಿ ನಿಂತರು. ಮುಂದೆ ಪ್ಯಾಲೆಸ್ಟೈನಿನಲ್ಲಿ ಹೀಬ್ರೂವಿನ ಪುನರುಜ್ಜೀವನಕ್ಕಾಗಿ ಯಿಡ್ಡಿಶ್ ಅನ್ನು ಸಾರ್ವಜನಿಕ ಜೀವನದಿಂದ ಬದಿಗೊತ್ತಲಾಯಿತು. ಪವಿತ್ರ ಭಾಷೆಯ ಪ್ರತಿಷ್ಠೆ ಮನೆಮಾತಿಗೆ ಯಾವಾಗಲೂ ಆಸರೆಯಾಗುತ್ತದೆ ಎಂದು ಭಾವಿಸುವುದಕ್ಕೆ ಆಧಾರವಿಲ್ಲ. ಮತ್ತೂರಿನ ವಿಷಯದಲ್ಲಿ ನಾನು ನಿರ್ಣಯ ಕೊಡಲಾರೆ, ಆದರೆ ಅಲ್ಲಿ ಹೋಗುವ ಸಂಶೋಧನಾ ವಿದ್ಯಾರ್ಥಿ ಯಾವ ಭಾಷೆಯನ್ನು ಧ್ವನಿಮುದ್ರಿಸಿಕೊಂಡು ಬರಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಹೇಗೆ ಮುದ್ರಿಸಿಕೊಳ್ಳಬೇಕೆಂಬುದಕ್ಕೆ ಯಿಡ್ಡಿಶ್ ಅಧ್ಯಯನದಲ್ಲಿ ಮಾದರಿಯಿದೆ. ಮ್ಯಾಕ್ಸ್ ಅವರ ಮಗ ಊರಿಯೆಲ್ ವೈನ್‌ರೈಖ್, 1953ರಲ್ಲಿ ಭಾಷಾಸಂಪರ್ಕ ಶಾಸ್ತ್ರಕ್ಕೆ ಅಡಿಗಲ್ಲಿಟ್ಟವರು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಷ್ಕೆನಾಜಿ ಯಹೂದಿಗಳ ಭಾಷಾ–ಸಂಸ್ಕೃತಿ ನಕಾಶೆಯ ಯೋಜನೆ ಆರಂಭಿಸಿದಾಗ ಆ ಊರುಗಳಲ್ಲಿ ಯಿಡ್ಡಿಶ್ ಆಡುವವರು ಬಹುತೇಕ ಇರಲಿಲ್ಲ. ಇಸ್ರೇಲ್, ಅಮೆರಿಕಗಳಲ್ಲಿ ಉಳಿದಿದ್ದವರನ್ನು ಹುಡುಕಿ, ಒಬ್ಬೊಬ್ಬರನ್ನೂ ಅವರ ಹುಟ್ಟೂರಿನ ಪ್ರತಿನಿಧಿಯೆಂದು ಪರಿಗಣಿಸಿ, ಒಂದೇ ಪ್ರಶ್ನಾವಳಿಯಿಂದ ಗಂಟೆಗಟ್ಟಲೆ ಮಾತಾಡಿಸಿ, ಇಲ್ಲದ ಊರುಗಳ ಭೂಪಟವನ್ನು ಅವರು ಮತ್ತು ಅವರ ನಂತರದವರು ಕಟ್ಟಿದರು. ಸ್ವಿಟ್ಜರ್ಲೆಂಡಿನ ಎಂಡಿಂಗೆನ್ ಮತ್ತು ಲೆಂಗ್ನಾವ್‌ಗಳಲ್ಲಿ ಪಶ್ಚಿಮ ಯಿಡ್ಡಿಶ್‌ನ ಕೊನೆಯ ತಲೆಮಾರನ್ನು ಫ್ಲೊರೆನ್ಸ್ ಗುಗ್ಗೆನ್‌ಹೈಮ್–ಗ್ರ್ಯುನ್‌ಬೆರ್ಗ್ ದಾಖಲಿಸಿದ್ದೂ ಇಂಥದೇ ತಾಳ್ಮೆಯಿಂದ.

ನಮ್ಮ ಸ್ಥಿತಿ ಅಷ್ಟು ಕಠಿಣವಾಗಿಲ್ಲ. ಕೌಶಿಕ, ಬೆಟ್ಟದಪುರ, ರುದ್ರಪಟ್ಟಣ, ಮತ್ತೂರು, ಹೊಸಹಳ್ಳಿಗಳು ಅಲ್ಲಿಯೇ ಇವೆ. ಅಲ್ಲಿಂದ ಹೊರಟವರು ಮೈಸೂರು, ಬೆಂಗಳೂರು, ಕ್ಯಾಲಿಫೋರ್ನಿಯಾಗಳಲ್ಲಿದ್ದಾರೆ. ಕವಲು, ಊರು, ತಲೆಮಾರು ಮೂರನ್ನೂ ಪ್ರತ್ಯೇಕವಾಗಿ ನಮೂದಿಸಿಕೊಂಡು, ಪದಪಟ್ಟಿಯಿಂದಲ್ಲ, ನಡೆದ ಘಟನೆಯೊಂದನ್ನು ಹೇಳಿಸುವುದರಿಂದ ಆರಂಭಿಸಬೇಕು, ಏಕೆಂದರೆ ಬೇಕಾಗಿರುವುದು ಭೂತಕಾಲದ ಕ್ರಿಯಾರೂಪಗಳು. ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರೆ ಉತ್ತರಗಳೂ ಕನ್ನಡದತ್ತ ವಾಲುತ್ತವೆಯಾದ್ದರಿಂದ ಕೇಳುವವರು ಸಾಧ್ಯವಾದಷ್ಟು ಮನೆಯವರೇ ಆಗಿರಬೇಕು. ಹಾಲು, ಹೂವು, ಹಲ್ಲು, ಹಣ್ಣು, ಕಿವಿ, ಇಲಿ, ಐದು: ಈ ಏಳನ್ನು ಮಾತಿನ ನಡುವೆ ಯಾರ ಬಾಯಲ್ಲಿ ಯಾವ ರೂಪದಲ್ಲಿ ಬರುತ್ತವೆ ಎಂದು ಮೂರು ತಲೆಮಾರಿನಲ್ಲಿ ಗುರುತಿಸಿಕೊಳ್ಳುವುದು ಒಬ್ಬ ವಿದ್ಯಾರ್ಥಿಯ ಒಂದು ಬೇಸಿಗೆ ರಜೆಯ ಕೆಲಸ. ಜಯಲಕ್ಷ್ಮಿಪುರಂನ ಆ ಮೊಮ್ಮಗನನ್ನು ಪಟ್ಟಿಯಿಂದ ಕೈಬಿಡಬಾರದು. ಅವನು ಆಡದಿದ್ದರೂ ಅಜ್ಜಿಯ ಯಾವ ರೂಪವನ್ನು ಕೇಳಿ ಏನೆಂದು ಅರ್ಥ ಮಾಡಿಕೊಳ್ಳುತ್ತಾನೆ ಎಂಬುದೂ ದತ್ತಾಂಶವೇ.